ಯಾರನ್ನ ಕೇಳೋದು, ಎಷ್ಟು ಜನನ್ನ ಕೇಳೋದು, ಯಾವ ಟೆಸ್ಟ್ ಹಾಕೋದು: ಸರ್ವೆಗೆ ಹೊರಟೋರಿಗೊಂದು ಹೋಲಿಕೆ

ಪ್ರತಿ ವರ್ಷ ಸಂಕ್ರಾಂತಿ ಕಳೀತಿದ್ದಂಗೆ ನನಗೆ ಒಂದೇ ಥರದ ಫೋನ್ ಬರೋಕೆ ಶುರುವಾಗುತ್ತೆ. "ಸರ್, ಪ್ರಾಜೆಕ್ಟ್ ಮಾಡ್ತಾ ಇದೀನಿ, 100 ಸ್ಯಾಂಪಲ್ ಸಾಕಾ, ರ‍್ಯಾಂಡಮ್ ಅಂತ ಬರೀಲಾ, ಕೈ ಸ್ಕ್ವೇರ್ ಹಾಕ್ಲಾ ಟಿ ಟೆಸ್ಟ್ ಹಾಕ್ಲಾ?" ಈ ಸಲ ಒಂದೇ ವಾರದಲ್ಲಿ ಮೂರು ಜನ ಕೇಳಿದ್ರು. ಒಬ್ಬ ಮದ್ದೂರು ಕಡೆ ಹುಡುಗ, ಎಂಎಸ್‌ಡಬ್ಲ್ಯೂ ಕೊನೇ ವರ್ಷ, ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ರೈತರಿಗೂ ಕೊನೇ ಭಾಗದ ರೈತರಿಗೂ ನೀರಿನ ವಿಷಯದಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ತೋರಿಸ್ಬೇಕು ಅವನಿಗೆ. ಇನ್ನೊಬ್ರು ಮೈಸೂರಲ್ಲಿ ಚಿಕ್ಕದೊಂದು ಸಂಸ್ಥೆ ನಡೆಸೋ ಮೇಡಂ, ಮನೆಗೆಲಸಕ್ಕೆ ಹೋಗೋ ಹೆಂಗಸರ ಸಂಬಳ ರಜೆ ಬಗ್ಗೆ ಒಂದು ವರದಿ ಬೇಕು, ಕೈಯಲ್ಲಿರೋದು ನಲವತ್ತು ಸಾವಿರ ರೂಪಾಯಿ. ಮೂರನೆಯವಳು ಎಂಬಿಎ ಹುಡುಗಿ, ಮೈಸೂರಿನ ಜನ ದಿನಸಿನ ಆನ್‌ಲೈನಲ್ಲಿ ತರಿಸ್ತಾರಾ ಅಂಗಡಿಗೆ ಹೋಗ್ತಾರಾ ಅಂತ ಗೂಗಲ್ ಫಾರಂ ಮಾಡಿ ವಾಟ್ಸಾಪ್ ಗ್ರೂಪಲ್ಲಿ ಹಾಕಿದಾಳೆ, 212 ಉತ್ತರ ಬಂದಿದೆ, ಈಗೇನು ಮಾಡ್ಲಿ ಅಂತ ಕೇಳ್ತಾಳೆ.

ಮೂರು ಜನಕ್ಕೂ ಬೇರೆ ಬೇರೆ ಉತ್ತರ ಹೇಳ್ಬೇಕಾಯ್ತು, ಅದಕ್ಕೇ ಇದನ್ನ ಕೂತು ಬರೀತಾ ಇದೀನಿ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೇ: ಎಲ್ಲರೂ ಸ್ಯಾಂಪ್ಲಿಂಗ್‌ನ, ಅಂದ್ರೆ ಯಾರನ್ನ ಕೇಳ್ಬೇಕು ಅಂತ ಆರಿಸೋದನ್ನ, ಪ್ರಾಜೆಕ್ಟ್ ವರದಿಯ ಮೂರನೇ ಅಧ್ಯಾಯದಲ್ಲಿ ಬರೀತಾರೆ, ಟೆಸ್ಟ್‌ನ, ಅಂದ್ರೆ ಕಂಡ ವ್ಯತ್ಯಾಸ ನಿಜವಾ ಆಕಸ್ಮಿಕನಾ ಅಂತ ನೋಡೋ ಲೆಕ್ಕನ, ನಾಲ್ಕನೇ ಅಧ್ಯಾಯದಲ್ಲಿ ಬರೀತಾರೆ, ಎರಡಕ್ಕೂ ಸಂಬಂಧನೇ ಇಲ್ಲ ಅನ್ನೋ ಥರ. ಆದ್ರೆ ನೀವು ಜನನ್ನ ಯಾವ ರೀತಿ ಆರಿಸ್ಕೊಂಡ್ರೋ ಅದೇ ನಿಮ್ಮ ಟೆಸ್ಟ್‌ನ ಮುಕ್ಕಾಲು ಭಾಗ ತೀರ್ಮಾನ ಮಾಡಿಬಿಟ್ಟಿರುತ್ತೆ. ಫಾರಂ ತುಂಬಿಸ್ಕೊಂಡು ಬಂದ್ಮೇಲೆ ಕಂಪ್ಯೂಟರ್ ಮುಂದೆ ಕೂತು ಸರಿಮಾಡೋಕೆ ಆಗೋದು ತುಂಬಾ ಕಮ್ಮಿ.

ಆರಿಸೋಕೆ ಮುಂಚೆ ಏನೇನು ನೋಡ್ಕೋಬೇಕು

ನಾನು ಐದು ವಿಷಯ ಕೇಳ್ತೀನಿ. ಮೊದಲನೇದು, ಕೊನೇಲಿ ನೀವು ಯಾವ ಮಾತು ಹೇಳ್ಬೇಕು ಅಂತಿದೀರ, "ಮಂಡ್ಯ ಜಿಲ್ಲೆಯ ರೈತರಲ್ಲಿ ಇಷ್ಟು ಪರ್ಸೆಂಟ್" ಅಂತಾನಾ ಅಥವಾ "ಇಂಥ ಕಷ್ಟಗಳು ಇವೆ" ಅಂತಾನಾ, ಯಾಕಂದ್ರೆ ಎರಡನೇ ಮಾತಿಗೆ ಅಷ್ಟು ಖರ್ಚು ಬೇಕಾಗಿಲ್ಲ. ಎರಡನೇದು, ಆ ಜನರದ್ದು ಒಂದು ಪಟ್ಟಿ ಎಲ್ಲಾದ್ರೂ ಇದೆಯಾ. ಮೂರನೇದು, ಎಷ್ಟು ದಿನ, ಎಷ್ಟು ದುಡ್ಡು, ಎಷ್ಟು ಜನ ಓಡಾಡೋರು. ನಾಲ್ಕನೇದು, ಯಾರನ್ನ ಯಾರ ಜೊತೆ ಹೋಲಿಸ್ಬೇಕು. ಐದನೇದನ್ನ ಯಾರೂ ಯೋಚನೆ ಮಾಡಲ್ಲ: ನೀವು ಹೋಗೋ ಹೊತ್ತಿನಲ್ಲಿ, ಹೋಗೋ ಜಾಗದಲ್ಲಿ ಯಾರು ಕಾಣಿಸಲ್ಲ.

ಪಟ್ಟಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ನಮ್ಮ ಕಡೆ ಎಡವೋದು ಇಲ್ಲೇ. ರೈತರ ಪಟ್ಟಿ ಬೇಕು ಅಂದ ತಕ್ಷಣ ಎಲ್ಲರೂ ಪಹಣಿ ಅಂತಾರೆ. ಪಹಣಿಲಿ ಎಷ್ಟೋ ಕಡೆ ಇನ್ನೂ ಸತ್ತು ಹೋದ ತಾತನ ಹೆಸರೇ ಇರುತ್ತೆ, ಪೌತಿ ಖಾತೆ ಆಗಿರಲ್ಲ, ಗದ್ದೇಲಿ ಉಳೋ ಮೂರು ಅಣ್ಣತಮ್ಮಂದಿರು ಅದರಲ್ಲಿ ಇರಲ್ಲ, ವಾರಕ್ಕೆ (ಬೆಳೆ ಪಾಲಿಗೆ) ಇಲ್ಲಾ ಗುತ್ತಿಗೆಗೆ ಮಾಡೋರು ಇರಲ್ಲ, ದಿನಾ ಗದ್ದೆಗೆ ಇಳಿಯೋ ಹೆಂಗಸರ ಹೆಸರು ಇರೋದು ಅಪರೂಪ. ಅಂದ್ರೆ ಪಹಣಿ ಭೂಮಿಯ ಪಟ್ಟಿ, ರೈತರ ಪಟ್ಟಿ ಅಂತ ತಿಳ್ಕೊಂಡ್ರೆ ಮೋಸ ಹೋಗ್ತೀರ. ಮತದಾರರ ಪಟ್ಟಿ ಸಿಗುತ್ತೆ, ಮನೆ ನಂಬರ್ ಸಮೇತ ಇರುತ್ತೆ, ಊರಿನ 18 ದಾಟಿದೋರ ಸರ್ವೆಗೆ ನಾನು ಅದನ್ನೇ ಹೇಳೋದು, ಆದ್ರೆ ಬೆಂಗಳೂರಿಗೆ ಹೋಗಿ ಹತ್ತು ವರ್ಷ ಆದೋರ ಹೆಸರೂ ಅಲ್ಲೇ ಇರುತ್ತೆ, ಈಚೆಗೆ ಮದುವೆಯಾಗಿ ಬಂದ ಸೊಸೆ ಹೆಸರು ಇರಲ್ಲ. ಮಕ್ಕಳ ಬಗ್ಗೆ ಆದ್ರೆ ಅಂಗನವಾಡಿ ರಿಜಿಸ್ಟರ್ ಒಳ್ಳೇದು. ಯಾವ ಪಟ್ಟಿ ತಗೊಂಡ್ರೂ ಯಾರು ಬಿಟ್ಟುಹೋಗಿದಾರೆ ಅಂತ ಒಂದು ಸಾಲು ಮೊದಲೇ ಬರೆದಿಟ್ಕೊಳ್ಳಿ.

ಸಿಂಪಲ್ ರ‍್ಯಾಂಡಮ್ ಮತ್ತು ಸಿಸ್ಟಮ್ಯಾಟಿಕ್

ಪಟ್ಟಿ ಇದೆ, ಎಲ್ಲರಿಗೂ ನಂಬರ್ ಹಾಕಿ ಚೀಟಿ ಎತ್ತಿದಂಗೆ ಆರಿಸೋದು, ಇದು ಸಿಂಪಲ್ ರ‍್ಯಾಂಡಮ್. ಚೀಟಿ ಬದ್ಲು ಎಕ್ಸೆಲ್‌ನಲ್ಲಿ ರ‍್ಯಾಂಡಮ್ ನಂಬರ್ ತೆಗೀಬಹುದು. ಇದರ ದೊಡ್ಡ ಗುಣ ಅಂದ್ರೆ ಪುಸ್ತಕದಲ್ಲಿರೋ ಎಲ್ಲಾ ಟೆಸ್ಟೂ ಇದಕ್ಕೆ ನೇರವಾಗಿ ಹೊಂದುತ್ತೆ, ಏನೂ ತಿದ್ದುಪಡಿ ಬೇಡ. ಒಂದು ಕಾಲೇಜು, ಒಂದು ಫ್ಯಾಕ್ಟರಿ, ಒಂದು ಊರು, ಇಷ್ಟರೊಳಗಿನ ಸರ್ವೆಗೆ ಇದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಇಡೀ ಮಂಡ್ಯ ಜಿಲ್ಲೆಗೆ ಹಿಂಗೆ 400 ಜನನ್ನ ಎತ್ತಿದ್ರೆ ಒಬ್ಬ ನಾಗಮಂಗಲದ ಆ ಮೂಲೇಲಿ, ಇನ್ನೊಬ್ಬ ಮಳವಳ್ಳಿಯ ಈ ಮೂಲೇಲಿ ಸಿಗ್ತಾನೆ, ಬೈಕಿನ ಪೆಟ್ರೋಲಿಗೇ ದುಡ್ಡೆಲ್ಲಾ ಮುಗಿಯುತ್ತೆ, ದಿನಕ್ಕೆ ಒಬ್ಬರು ನಾಲ್ಕು ಫಾರಂ ಮಾಡಿದ್ರೆ ಹೆಚ್ಚು, ಅಂದ್ರೆ ನೂರು ಆಳಿನ ಕೂಲಿ.

ಆರಿಸಿದ ಮನೆಗೇ ಹೋಗ್ಬೇಕು ಅನ್ನೋದು ಇದರ ಪ್ರಾಣ. ಬೀಗ ಹಾಕಿದೆ ಅಂತ ಪಕ್ಕದ ಮನೆಗೆ ಹೋಗಿ ತುಂಬಿಸ್ಕೊಂಡು ಬಂದ್ರೆ ಅದು ರ‍್ಯಾಂಡಮ್ ಆಗಿ ಉಳಿಯಲ್ಲ, ಯಾಕಂದ್ರೆ ಬೀಗ ಹಾಕಿರೋ ಮನೆಯೋರು ಕೂಲಿಗೆ ಹೋಗಿರ್ತಾರೆ, ಮನೇಲಿರೋರು ಬೇರೆ ಥರದ ಜನ. ಮೂರು ಸಲ ಬೇರೆ ಬೇರೆ ಹೊತ್ತಲ್ಲಿ ಹೋಗಿ, ಒಂದು ಸಲನಾದ್ರೂ ಸಂಜೆ ಆರರ ಮೇಲೆ. ನಾನು ಒಂದೂರಲ್ಲಿ ಪಟ್ಟಿ ಪ್ರಕಾರ ಕೊನೇ ಬೀದಿಯ ಒಂದು ಮನೆಗೆ ಮೂರನೇ ಸಲ ಹೋದಾಗ ಅಜ್ಜಿ ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಯ್ಯೋ ಮಗ, ಬಂದೋರೆಲ್ಲಾವ ರೋಡ್ ಪಕ್ಕದ್ ಮನೆವ್ರನ್ನೇ ಕೇಳ್ಕಂಡು ಒಂಟೋಯ್ತಾರೆ, ನಮ್ ಕೇರಿಗ್ ಯಾರ್ ಬಂದಾರು?"

ಸಿಸ್ಟಮ್ಯಾಟಿಕ್ ಅಂದ್ರೆ ಇದರದ್ದೇ ಸುಲಭದ ರೂಪ. ಬಡಾವಣೇಲಿ 1,200 ಮನೆ, ನಿಮಗೆ 60 ಬೇಕು, ಭಾಗಿಸಿದ್ರೆ 20. ಒಂದರಿಂದ ಇಪ್ಪತ್ತರೊಳಗೆ ಒಂದು ಚೀಟಿ ಎತ್ತಿ, 7 ಬಂತು ಅನ್ಕೊಳ್ಳಿ, ಆಮೇಲೆ 27, 47, 67 ಹಿಂಗೆ ಹೋಗ್ತಾ ಇರೋದು. ಪಟ್ಟಿ ಇಲ್ದಿದ್ರೂ ಬೀದಿ ಎಣಿಸ್ಕೊಂಡು ಮಾಡ್ಬಹುದು, ಅದು ದೊಡ್ಡ ಅನುಕೂಲ. ಒಂದೇ ಅಪಾಯ, ಸಾಲಲ್ಲಿ ಏನಾದ್ರೂ ಆವರ್ತನೆ ಇದ್ರೆ. ಮೈಸೂರಿನ ಪ್ಲಾನ್ ಮಾಡಿದ ಬಡಾವಣೆಗಳಲ್ಲಿ ಒಂದೊಂದು ಕ್ರಾಸಿಗೂ ಇಷ್ಟೇ ಸೈಟು ಅಂತ ಒಂದೇ ಲೆಕ್ಕ ಇರುತ್ತೆ, ನಿಮ್ಮ ಇಪ್ಪತ್ತು ಆ ಲೆಕ್ಕಕ್ಕೆ ಸರಿಯಾಗಿ ಕೂತುಬಿಟ್ರೆ ಪ್ರತಿ ಸಲಾನೂ ಕಾರ್ನರ್ ಸೈಟಿನ ದೊಡ್ಡ ಮನೆನೇ ಬರುತ್ತೆ. ಒಂದು ಸಲ ಬೀದಿ ಓಡಾಡಿ ನೋಡಿದ್ರೆ ಗೊತ್ತಾಗುತ್ತೆ.

ಸ್ಟ್ರಾಟಿಫೈಡ್: ಹೋಲಿಸೋಕೆ ಹೊರಟೋರಿಗೆ

ಜನನ್ನ ಮೊದಲೇ ಗುಂಪು ಮಾಡ್ಕೊಂಡು ಪ್ರತಿ ಗುಂಪಿಂದಾನೂ ಆರಿಸೋದು ಇದು. ಮಂಡ್ಯ ಜಿಲ್ಲೇಲಿ ಏಳು ತಾಲ್ಲೂಕು ಇದ್ರೂ ನೀರಿನ ದೃಷ್ಟಿಯಿಂದ ಎಲ್ಲಾ ಒಂದೇ ಅಲ್ಲ, ಮಂಡ್ಯ ಮದ್ದೂರು ಪಾಂಡವಪುರ ಶ್ರೀರಂಗಪಟ್ಟಣ ಕಡೆ ನಾಲೆ ನೀರು ಕಬ್ಬು ಭತ್ತ, ನಾಗಮಂಗಲದ ಬಹಳ ಭಾಗ ಮಳೆ ನಂಬಿರೋ ರಾಗಿ ಹೊಲ. ಎಲ್ಲಾ ಕಲಸಿ ಚೀಟಿ ಎತ್ತಿದ್ರೆ ಯಾವ ಗುಂಪಿಂದ ಎಷ್ಟು ಬರುತ್ತೆ ಅನ್ನೋದು ಅದೃಷ್ಟ.

ಇಲ್ಲಿ ಒಂದು ಆಯ್ಕೆ ಇದೆ. ನಿಮ್ಮ ಪ್ರದೇಶದಲ್ಲಿ 80 ಪರ್ಸೆಂಟ್ ನಾಲೆ ರೈತರು, 20 ಪರ್ಸೆಂಟ್ ಮಳೆಯಾಶ್ರಿತ ರೈತರು ಅಂತ ಇಟ್ಕೊಳ್ಳಿ, 100 ಜನನ್ನ ಕೇಳ್ತೀರ. ಅದೇ ಪ್ರಮಾಣದಲ್ಲಿ ತಗೊಂಡ್ರೆ 80 ಮತ್ತು 20, ಒಟ್ಟು ಜಿಲ್ಲೆ ಚಿತ್ರಕ್ಕೆ ಒಳ್ಳೇದು, ಹೋಲಿಕೆಗೆ 20 ಜನ ಏನೂ ಸಾಲದು. ಐವತ್ತೈವತ್ತು ತಗೊಂಡ್ರೆ ಹೋಲಿಕೆ ಗಟ್ಟಿಯಾಗುತ್ತೆ, ಆದ್ರೆ ಒಟ್ಟು ಅಂಕಿ ಹೇಳುವಾಗ ತೂಕ ಹಾಕ್ಬೇಕು. ನಾಲೆ ರೈತರಲ್ಲಿ 60 ಪರ್ಸೆಂಟ್ ತೃಪ್ತಿ, ಮಳೆಯಾಶ್ರಿತರಲ್ಲಿ 30 ಅಂದ್ರೆ ಸುಮ್ನೆ ಸರಾಸರಿ 45 ಬರುತ್ತೆ, ಅದು ತಪ್ಪು. 80ಕ್ಕೆ 20ರ ತೂಕ ಹಾಕಿದ್ರೆ 54 ಬರುತ್ತೆ, ಅದು ಸರಿ. ಒಂಬತ್ತು ಪಾಯಿಂಟ್ ವ್ಯತ್ಯಾಸ ಬರೀ ತೂಕ ಮರೆತಿದ್ದಕ್ಕೆ. ಹೋಲಿಕೆನೇ ನಿಮ್ಮ ಪ್ರಶ್ನೆಯಾದ್ರೆ ನಾನು ಯೋಚನೆ ಮಾಡದೆ ಎರಡನೇದನ್ನೇ ಹೇಳ್ತೀನಿ, ತೂಕದ ಲೆಕ್ಕ ಒಂದು ಸಾಲಿನ ಕೆಲಸ.

ಕ್ಲಸ್ಟರ್: ಅಗ್ಗ, ಆದ್ರೆ ಬೆಲೆ ಇನ್ನೊಂದು ಕಡೆ ಕಟ್ಟಬೇಕು

ಜನರ ಬದ್ಲು ಮೊದಲು ಊರುಗಳನ್ನ ಆರಿಸೋದು, ಆಮೇಲೆ ಆ ಊರೊಳಗೆ ಜನನ್ನ. ದೊಡ್ಡ ಸರ್ವೆಗಳೆಲ್ಲಾ ನಡೆಯೋದು ಹಿಂಗೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮನೆ ಮಾತಾಡಿಸಿದ್ರು, ಅದರಲ್ಲೂ ಒಂದೊಂದು ಕ್ಲಸ್ಟರಿಗೆ 22 ಮನೆ ಅಂತ ಸಿಸ್ಟಮ್ಯಾಟಿಕ್ ಆಗಿ ಆರಿಸಿದ್ದು. 1950ರಲ್ಲಿ ಶುರುವಾದ ನ್ಯಾಷನಲ್ ಸ್ಯಾಂಪಲ್ ಸರ್ವೆ ಕೂಡ ಹಂತ ಹಂತದ ಆಯ್ಕೆ ಮೇಲೇ ನಿಂತಿದೆ. ಅದರ ಹಿಂದೆ ಇದ್ದ ಸಂಖ್ಯಾಶಾಸ್ತ್ರಜ್ಞ ಪಿ ಸಿ ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಅಳೆಯೋಕೆ ಹೋದಾಗ ಮೊದಲು ಚಿಕ್ಕದಾಗಿ ಪೈಲಟ್ ಸರ್ವೆ ಮಾಡಿ, ಖರ್ಚು ಎಷ್ಟು ತಪ್ಪು ಎಷ್ಟು ಅಂತ ಎರಡನ್ನೂ ಒಟ್ಟಿಗೆ ತೂಗಿ ನೋಡಿದವರು. ಅವರು ಹುಟ್ಟಿದ ಜೂನ್ 29ನ್ನೇ ನಾವು ಸಾಂಖ್ಯಿಕ ದಿನ ಅಂತ ಮಾಡೋದು. ಪೈಲಟ್ ಮಾಡಿ ಅಂತ ನಾನು ಎಲ್ಲರಿಗೂ ಗೋಗರೆಯೋದು ಅದಕ್ಕೇ, 15 ಫಾರಂ ಸಾಕು, ಯಾವ ಪ್ರಶ್ನೆ ಜನಕ್ಕೆ ಅರ್ಥ ಆಗಲ್ಲ ಅಂತ ಒಂದೇ ಬೆಳಗ್ಗೇಲಿ ಗೊತ್ತಾಗುತ್ತೆ.

ಊರು ಆರಿಸುವಾಗ ಒಂದು ಎಚ್ಚರ. 2,000 ಮನೆ ಊರಿಗೂ 200 ಮನೆ ಊರಿಗೂ ಒಂದೊಂದೇ ಚೀಟಿ ಹಾಕಿ, ಆಮೇಲೆ ಎರಡರಲ್ಲೂ ಇಪ್ಪತ್ತಿಪ್ಪತ್ತು ಮನೆ ತಗೊಂಡ್ರೆ ದೊಡ್ಡೂರಿನ ಒಂದೊಂದು ಮನೆಗೆ ಸಿಗೋ ಅವಕಾಶ ಚಿಕ್ಕೂರಿನ ಮನೆಯದರ ಹತ್ತನೇ ಒಂದು ಭಾಗ ಆಗೋಗುತ್ತೆ. ದೊಡ್ಡೂರಿಗೆ ಅದರ ಗಾತ್ರಕ್ಕೆ ತಕ್ಕಂಗೆ ಹತ್ತು ಚೀಟಿ ಹಾಕಿ, ಆಮೇಲೆ ಪ್ರತಿ ಊರಲ್ಲೂ ಸಮ ಸಂಖ್ಯೆ ತಗೊಂಡ್ರೆ ಎಲ್ಲರಿಗೂ ಸಮ ಅವಕಾಶ ಸಿಗುತ್ತೆ.

ಈಗ ಬೆಲೆ ವಿಷಯ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು ಅಂತೀವಲ್ಲ, ಅದು ಮನೆ ಪಾತ್ರೆಗೆ ಸರಿ. ಮದುವೆ ಮನೇಲಿ ಸೌದೆ ಒಲೆ ಮೇಲಿನ ಕೊಪ್ಪರಿಗೇಲಿ ತಳದಲ್ಲಿ ಸೀದಿರುತ್ತೆ, ಮೇಲೆ ನುಚ್ಚು ನುಚ್ಚಾಗಿರುತ್ತೆ, ಒಂದೇ ಜಾಗದಿಂದ ಇಪ್ಪತ್ತು ಅಗುಳು ಎತ್ತಿ ಹಿಸುಕಿದ್ರೂ ಅಡುಗೆ ಭಟ್ಟರಿಗೆ ಗೊತ್ತಾಗೋದು ಒಂದೆರಡು ಅಗುಳಿನಷ್ಟೇ. ಒಂದೂರಿನ ಜನನೂ ಹಂಗೇ, ಒಂದೇ ತೂಬಿನ ನೀರು, ಒಂದೇ ಡೇರಿ, ಒಂದೇ ಸೊಸೈಟಿ ಸಾಲ, ಉತ್ತರಗಳೂ ಒಂದೇ ಥರ ಇರುತ್ತೆ. ಇದಕ್ಕೊಂದು ಲೆಕ್ಕ ಇದೆ, ಡಿಸೈನ್ ಎಫೆಕ್ಟ್ ಅಂತಾರೆ: ಊರಿಗೆ ಎಷ್ಟು ಜನವೋ ಅದರಲ್ಲಿ ಒಂದು ಕಳೀರಿ, ಊರೊಳಗಿನ ಜನ ಎಷ್ಟು ಒಂದೇ ಥರ ಅನ್ನೋ ಅಂಕಿಯಿಂದ ಗುಣಿಸಿ, ಒಂದು ಕೂಡಿಸಿ. ಊರಿಗೆ 20 ಜನ, ಆ ಅಂಕಿ 0.05 ಅಂದ್ರೆ 1.95 ಬರುತ್ತೆ. ಅಂದ್ರೆ 20 ಊರಲ್ಲಿ 400 ಫಾರಂ ತುಂಬಿಸಿದ್ರೂ ಅದರ ಬಲ 205 ಜನರ ಸಿಂಪಲ್ ರ‍್ಯಾಂಡಮ್‌ನಷ್ಟೇ. ಅದೇ 400ನ 40 ಊರಿಗೆ ಹತ್ತತ್ತರಂತೆ ಹಂಚಿದ್ರೆ 1.45, ಬಲ 276ಕ್ಕೆ ಏರುತ್ತೆ. ಹಂಗಾಗಿ ದುಡ್ಡಿದ್ರೆ ಊರು ಜಾಸ್ತಿ ಮಾಡಿ, ಊರೊಳಗೆ ಜನ ಜಾಸ್ತಿ ಮಾಡೋದ್ರಿಂದ ಅಷ್ಟು ಲಾಭ ಇಲ್ಲ. ನೀರಿನ ವಿಷಯದಲ್ಲಂತೂ 0.05 ಅನ್ನೋದೇ ಕಮ್ಮಿ ಅನ್ಸುತ್ತೆ ನನಗೆ, ನೀರು ಬಂದ್ರೆ ಇಡೀ ಊರಿಗೆ ಬರುತ್ತೆ, ಇಲ್ದಿದ್ರೆ ಯಾರಿಗೂ ಇಲ್ಲ.

ಕೋಟಾ, ಸಿಕ್ಕಿದೋರು, ಸ್ನೋಬಾಲ್

ನಾನು ಓದುವಾಗ ಮದ್ದೂರು ಹತ್ರದ ಒಂದೂರಲ್ಲಿ ಬೆಳಗ್ಗೆ ಆರೂವರೆಗೆ ಹಾಲಿನ ಡೇರಿ ಮುಂದೆ ನಿಂತು ಎರಡೇ ದಿನದಲ್ಲಿ 60 ಫಾರಂ ತುಂಬಿಸಿದ್ದೆ. ಎಲ್ಲರೂ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿರ್ತಾರೆ, ಮಾತಾಡೋಕೂ ಸಿಗ್ತಾರೆ. ಆಮೇಲೆ ವರದೀಲಿ ಗ್ರಾಮೀಣ ಕುಟುಂಬಗಳ ಆದಾಯ ಅಂತ ಶೀರ್ಷಿಕೆ ಕೊಟ್ಟು ಬರೆದೆ. ಹಸು ಇಲ್ದಿರೋ ಒಂದು ಮನೆನೂ ಅದರಲ್ಲಿ ಇರ್ಲಿಲ್ಲ, ಅಂದ್ರೆ ಊರಲ್ಲಿ ತೀರ ಬಡವರು ಯಾರೋ ಅವರೇ ಇರ್ಲಿಲ್ಲ. ಆ ತಪ್ಪು ನನಗೆ ಗೊತ್ತಾಗಿದ್ದು ಎರಡು ವರ್ಷ ಆದ್ಮೇಲೆ, ಇವತ್ತಿಗೂ ಬೇಜಾರಿದೆ.

ಸಂಖ್ಯೆ ಜಾಸ್ತಿ ಆದ್ರೆ ಇದು ಸರಿಹೋಗುತ್ತಾ ಅಂದ್ರೆ ಇಲ್ಲ. 1936ರ ಅಮೆರಿಕದ ಚುನಾವಣೇಲಿ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ, 23 ಲಕ್ಷಕ್ಕೂ ಹೆಚ್ಚು ಉತ್ತರ ಇಟ್ಕೊಂಡು ಲ್ಯಾಂಡನ್ ಗೆಲ್ತಾರೆ ಅಂತು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ರು. ಟೆಲಿಫೋನ್ ಪಟ್ಟಿ, ಕಾರು ಇರೋರ ಪಟ್ಟಿಯಿಂದ ಹೆಸರು ತೆಗೆದಿದ್ದು ಒಂದು ಕಾರಣ, ಕಾರ್ಡ್ ವಾಪಸ್ ಕಳಿಸೋ ಉತ್ಸಾಹ ಒಂದು ಕಡೆಯೋರಿಗೆ ಜಾಸ್ತಿ ಇದ್ದಿದ್ದು ಇನ್ನೊಂದು. ಅವತ್ತು ಸರಿ ಹೇಳಿದ ಗ್ಯಾಲಪ್ ಅನ್ನೋ ಸಮೀಕ್ಷೆಗಾರರು ಕೋಟಾ ಪದ್ಧತಿ ಬಳಸ್ತಿದ್ರು, ಇಷ್ಟು ಗಂಡಸರು ಇಷ್ಟು ಹೆಂಗಸರು ಇಷ್ಟು ಬಡವರು ಅಂತ ಲೆಕ್ಕ ಕೊಟ್ಟು ಕಳಿಸೋದು. ಅದೇ ಕೋಟಾ 1948ರಲ್ಲಿ ಅವರಿಗೂ ಕೈಕೊಡ್ತು, ಡ್ಯೂಯಿ ಗೆಲ್ತಾರೆ ಅಂದ್ರು, ಟ್ರೂಮನ್ ಗೆದ್ರು. ಕೋಟಾ ಒಳಗೆ ಯಾರನ್ನ ಮಾತಾಡಿಸ್ಬೇಕು ಅನ್ನೋದು ಫಾರಂ ಹಿಡಿದೋರ ಕೈಲಿರುತ್ತೆ, ಅವರು ಮಾತಾಡಿಸೋಕೆ ಸುಲಭವಾಗಿರೋರ ಹತ್ರನೇ ಹೋಗ್ತಾರೆ. ಬರೀ ಸಿಕ್ಕಿದೋರನ್ನ ಕೇಳೋದಕ್ಕಿಂತ ಕೋಟಾ ವಾಸಿ, ರ‍್ಯಾಂಡಮ್‌ಗೆ ಅದು ಸಮ ಅಲ್ಲ.

ಸ್ನೋಬಾಲ್ ಅಂದ್ರೆ ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡ್ಕೊಂಡು ಹೋಗೋದು. ಪಟ್ಟಿನೇ ಇಲ್ಲದ ಜನಕ್ಕೆ ಇದೇ ಗತಿ: ಮನೆಗೆಲಸದವರು, ಹೊರ ಜಿಲ್ಲೆಯಿಂದ ಬಂದು ಗುಡಿಸಲು ಹಾಕ್ಕೊಂಡು ಕಬ್ಬು ಕಡಿಯೋ ಗುಂಪುಗಳು. ಮೊದಲ ವ್ಯಕ್ತಿ ಯಾರೋ ಅವರ ಬಳಗದೊಳಗೇ ಸುತ್ತುತ್ತಾ ಇರ್ತೀರ, ಅದಕ್ಕೆ ಒಂದೇ ಕಡೆ ಶುರು ಮಾಡಬೇಡಿ, ಬೇರೆ ಬೇರೆ ಏರಿಯಾದಿಂದ ಐದಾರು ಜನನ್ನ ಹಿಡಿದು ಶುರು ಮಾಡಿ, ಒಬ್ಬರಿಂದ ಮೂರು ಹೆಸರಿಗಿಂತ ಜಾಸ್ತಿ ತಗೋಬೇಡಿ.

ಎಷ್ಟು ಜನ

385 ಅನ್ನೋ ಅಂಕಿ ಎಲ್ಲರ ಬಾಯಲ್ಲೂ ಇರುತ್ತೆ. 95 ಪರ್ಸೆಂಟ್ ವಿಶ್ವಾಸ (ನೂರು ಸಲ ಹಿಂಗೆ ಸರ್ವೆ ಮಾಡಿದ್ರೆ ಸುಮಾರು 95 ಸಲ ಸರಿಯಾಗೋದು), ಆಚೆ ಈಚೆ 5 ಪಾಯಿಂಟ್ ತಪ್ಪು ಒಪ್ಪಿದ್ರೆ ಅಷ್ಟು ಬೇಕು. 10 ಪಾಯಿಂಟ್ ಒಪ್ಪಿದ್ರೆ 97 ಸಾಕು, 3 ಪಾಯಿಂಟ್ ಅಂದ್ರೆ 1,068. ಜಿಲ್ಲೆ ದೊಡ್ಡದು ಅಂತ ಜಾಸ್ತಿ ಬೇಕಾಗಲ್ಲ. 2011ರ ಜನಗಣತಿ ಪ್ರಕಾರ 18 ಲಕ್ಷ ಇದ್ದ ಮಂಡ್ಯ ಜಿಲ್ಲೆಗೂ 6 ಕೋಟಿ ದಾಟಿದ್ದ ಕರ್ನಾಟಕಕ್ಕೂ ಅದೇ 385. ಚಿಕ್ಕ ಗುಂಪಾದ್ರೆ ಮಾತ್ರ ಕಮ್ಮಿಯಾಗುತ್ತೆ, 1,000 ಜನರ ಕಾಲೇಜಿಗೆ 278. ಈ ಎಲ್ಲಾ ಅಂಕಿನೂ ಸಿಂಪಲ್ ರ‍್ಯಾಂಡಮ್‌ದು, ಕ್ಲಸ್ಟರ್ ಆದ್ರೆ ಡಿಸೈನ್ ಎಫೆಕ್ಟ್‌ನಿಂದ ಗುಣಿಸ್ಬೇಕು.

ಆದ್ರೆ ಹೋಲಿಕೆ ಮಾಡೋರಿಗೆ 385 ಸರಿಯಾದ ಅಂಕಿನೇ ಅಲ್ಲ. ಒಂದು ಗುಂಪಲ್ಲಿ 50, ಇನ್ನೊಂದರಲ್ಲಿ 60 ಪರ್ಸೆಂಟ್ ಇದೆ ಅನ್ಕೊಳ್ಳಿ, ಆ ಹತ್ತು ಪಾಯಿಂಟ್ ವ್ಯತ್ಯಾಸ ಹತ್ತಕ್ಕೆ ಎಂಟು ಸಲ ಕಣ್ಣಿಗೆ ಬೀಳ್ಬೇಕು ಅಂದ್ರೆ ಒಂದೊಂದು ಗುಂಪಿಗೇ ಸುಮಾರು 385 ರಿಂದ 390 ಜನ ಬೇಕು. 40ಕ್ಕೂ 60ಕ್ಕೂ ಇರೋ ಇಪ್ಪತ್ತು ಪಾಯಿಂಟ್ ಆದ್ರೆ ಗುಂಪಿಗೆ 95ರ ಹತ್ರ ಸಾಕು. ಐವತ್ತೈವತ್ತು ಜನ ಕೇಳಿ "ವ್ಯತ್ಯಾಸ ಇಲ್ಲ" ಅಂತ ಬರೆದ ಪ್ರಾಜೆಕ್ಟ್‌ಗಳು ನಮ್ಮಲ್ಲಿ ಎಷ್ಟಿವೆಯೋ, ಅವರು ನಿಜವಾಗಿ ಬರೀಬೇಕಾಗಿದ್ದು "ನಮಗೆ ಕಾಣಿಸಲಿಲ್ಲ" ಅಂತ.

ಟೆಸ್ಟ್ ಅಂದ್ರೆ ಏನು ಮಾಡ್ತಾ ಇದೀವಿ

ಪಿ ವ್ಯಾಲ್ಯೂ ಅರ್ಥ ಆಗೋಕೆ ಮಂಡ್ಯ ಬೆಲ್ಲನೇ ತಗೊಳ್ಳೋಣ. ಒಬ್ಬರು ಹೇಳ್ತಾರೆ, ಹೈಡ್ರೋಸ್ (ಬಣ್ಣ ತಿಳಿಯಾಗೋಕೆ ಹಾಕೋ ರಾಸಾಯನಿಕ) ಹಾಕಿದ ಬೆಲ್ಲ ಯಾವುದು ಹಾಕ್ದೇ ಇರೋದು ಯಾವುದು ಅಂತ ಕಣ್ಣು ಮುಚ್ಕೊಂಡು ನಾಲಿಗೇಲೇ ಹೇಳ್ತೀನಿ ಅಂತ. ಎಂಟು ತುಂಡು ಇಡಿ, ನಾಲ್ಕು ಅದು ನಾಲ್ಕು ಇದು, ನಾಲ್ಕನ್ನ ಆರಿಸೋಕೆ ಹೇಳಿ. ಎಂಟರಲ್ಲಿ ನಾಲ್ಕು ಆರಿಸೋಕೆ 70 ದಾರಿ ಇದೆ, ಏನೂ ಗೊತ್ತಿಲ್ದೆ ಅಂದಾಜಿನ ಮೇಲೆ ಪೂರ್ತಿ ಸರಿ ಹೇಳೋಕೆ 70ರಲ್ಲಿ ಒಂದು ಅವಕಾಶ, 0.014. ಈ ಅವಕಾಶನೇ ಪಿ ವ್ಯಾಲ್ಯೂ. ಅದು ತುಂಬಾ ಕಮ್ಮಿ, ವಾಡಿಕೆಯಲ್ಲಿ ಇಟ್ಕೊಳ್ಳೋ 0.05 ಗಡಿಗಿಂತ ಕೆಳಗೆ, ಹಂಗಾಗಿ "ಗೊತ್ತಿಲ್ಲ, ಅಂದಾಜು" ಅನ್ನೋ ಮಾತನ್ನ ಬಿಡ್ತೀವಿ. ಆ ಮಾತೇ ನಲ್ ಹೈಪೋಥಿಸಿಸ್. ನಾಲ್ಕರಲ್ಲಿ ಮೂರು ಸರಿ ಹೇಳಿದ್ರೆ? ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಅಂದಾಜಲ್ಲೇ ಹೇಳೋ ಅವಕಾಶ 70ರಲ್ಲಿ 17, ಅಂದ್ರೆ 0.24, ಹಂಗಾದ್ರೆ ಬಿಡೋಕೆ ಆಗಲ್ಲ. ಫಿಶರ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1935ರಲ್ಲಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದಾ ಟೀ ಮೊದಲಾ ಅಂತ ರುಚೀಲೇ ಹೇಳೋ ಎಂಟು ಕಪ್ಪಿನ ಉದಾಹರಣೇಲಿ ಬಿಡಿಸಿ ಹೇಳಿದ್ದು ಇದನ್ನೇ. ಗಮನಿಸಿ, ಮೂರು ಸರಿ ಹೇಳಿದೋರಿಗೆ ರುಚಿ ಗೊತ್ತಿಲ್ಲ ಅಂತ ಸಾಬೀತಾಗಲಿಲ್ಲ, ಗೊತ್ತು ಅಂತ ಸಾಬೀತಾಗಲಿಲ್ಲ ಅಷ್ಟೇ. ಪಿ ವ್ಯಾಲ್ಯೂ 0.03 ಅಂದ್ರೆ ನಲ್ ನಿಜವಾಗಿರೋಕೆ 3 ಪರ್ಸೆಂಟ್ ಅವಕಾಶ ಅಂತ ಬರೀಬೇಡಿ, ನಲ್ ನಿಜ ಅಂತಿಟ್ಕೊಂಡ್ರೆ ಇಂಥ ಅಥವಾ ಇದಕ್ಕಿಂತ ದೂರದ ಫಲಿತಾಂಶ ಬರೋಕೆ ಇರೋ ಅವಕಾಶ ಅದು.

ಯಾವ ಟೆಸ್ಟ್ ಅನ್ನೋದು ಉತ್ತರ ಯಾವ ಥರದ್ದು ಅನ್ನೋದರ ಮೇಲೆ. ಹೌದು ಅಲ್ಲ, ಗಂಡು ಹೆಣ್ಣು, ಈ ಥರ ಎಣಿಸೋ ಉತ್ತರಕ್ಕೆ ಕೈ ಸ್ಕ್ವೇರ್, ಕೋಷ್ಟಕದ ಯಾವುದಾದ್ರೂ ಮನೇಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಮ್ಮಿ ಬಂದ್ರೆ ಫಿಶರ್ ಎಕ್ಸಾಕ್ಟ್. ಆದಾಯ, ಇಳುವರಿ, ಹಾಲಿನ ಲೀಟರು, ಇಂಥ ಅಳತೆಗೆ ಎರಡು ಗುಂಪಾದ್ರೆ ಟಿ ಟೆಸ್ಟ್, ಅದರಲ್ಲೂ ವೆಲ್ಚ್ ಅನ್ನೋ ರೂಪ ತಗೊಂಡ್ರೆ ಎರಡು ಗುಂಪಿನ ಏರಿಳಿತ ಸಮ ಇರ್ಬೇಕು ಅಂತಿಲ್ಲ; ಮೂರು ಗುಂಪಾದ್ರೆ ಅನೋವಾ. ತುಂಬಾ ತೃಪ್ತಿ, ಸ್ವಲ್ಪ ತೃಪ್ತಿ ಅನ್ನೋ ಐದು ಮೆಟ್ಟಿಲಿನ ಉತ್ತರಕ್ಕೆ, ಅಥವಾ ಒಬ್ಬಿಬ್ಬರ ಆದಾಯ ಆಕಾಶದಲ್ಲಿದ್ದಾಗ ಮಾನ್ ವಿಟ್ನಿ. ಒಂದೇ ಜನನ್ನ ತರಬೇತಿ ಮುಂಚೆ ಆಮೇಲೆ ಎರಡು ಸಲ ಕೇಳಿದ್ರೆ ಪೇರ್ಡ್ ಟಿ, ಹೌದು ಅಲ್ಲ ಆದ್ರೆ ಮ್ಯಾಕ್‌ನೆಮಾರ್. ಇದಿಷ್ಟು ಎಂಎ ಎಂಎಸ್‌ಡಬ್ಲ್ಯೂ ಪ್ರಾಜೆಕ್ಟಿಗೆ ಬೇಕಾದಷ್ಟಾಯ್ತು.

ಇನ್ನೊಂದು ಎಚ್ಚರ, 20 ಪ್ರಶ್ನೆ ಇಟ್ಕೊಂಡು ಇಪ್ಪತ್ತಕ್ಕೂ ಟೆಸ್ಟ್ ಹಾಕಿದ್ರೆ, ಎಲ್ಲೂ ವ್ಯತ್ಯಾಸ ಇಲ್ದಿದ್ರೂ ಒಂದಾದ್ರೂ 0.05ಕ್ಕಿಂತ ಕೆಳಗೆ ಬರೋ ಅವಕಾಶ 64 ಪರ್ಸೆಂಟ್, ಪ್ರಶ್ನೆಗಳು ಒಂದಕ್ಕೊಂದು ಸಂಬಂಧ ಇಲ್ಲದವಾಗಿದ್ರೆ. ಆ ಒಂದನ್ನ ಎತ್ಕೊಂಡು ಇದೇ ನನ್ನ ಹೈಪೋಥಿಸಿಸ್ ಆಗಿತ್ತು ಅಂತ ಬರೆಯೋದು ಮೋಸ. ಮೊದಲೇ ಎರಡು ಮೂರು ಮುಖ್ಯ ಪ್ರಶ್ನೆ ಯಾವುದು ಅಂತ ದಿನಾಂಕ ಹಾಕಿ ಬರೆದಿಡಿ.

ಮೂರು ಜನಕ್ಕೆ ನಾನು ಹೇಳಿದ್ದು

ಮದ್ದೂರು ಹುಡುಗನಿಗೆ ಸ್ಟ್ರಾಟಿಫೈಡ್ ಮತ್ತು ಕ್ಲಸ್ಟರ್ ಎರಡೂ ಸೇರಿಸಿ ಮಾಡು ಅಂದೆ. ಅವನ ಮೊದಲ ಯೋಚನೆ ಮೇಲ್ಭಾಗದ 10 ಊರು, ಕೊನೇ ಭಾಗದ 10 ಊರು, ಊರಿಗೆ 20 ಜನ. ಕೂತು ಒಂದು ಕಾಲ್ಪನಿಕ ಲೆಕ್ಕ ಹಾಕಿ ತೋರಿಸಿದೆ: ಮೇಲ್ಭಾಗದ 200ರಲ್ಲಿ 120 ಜನ ನೀರು ಸಾಕು ಅಂದ್ರು, ಕೊನೇ ಭಾಗದ 200ರಲ್ಲಿ 98 ಜನ. 60 ಮತ್ತು 49 ಪರ್ಸೆಂಟ್. ಸೀದಾ ಟೆಸ್ಟ್ ಹಾಕಿದ್ರೆ ಜೆಡ್ (ಕಂಡ ವ್ಯತ್ಯಾಸ ಆಕಸ್ಮಿಕ ಏರಿಳಿತದ ಎಷ್ಟು ಪಟ್ಟು ಅನ್ನೋ ಅಂಕಿ) 2.21, ಪಿ 0.027, ವ್ಯತ್ಯಾಸ ಇದೆ ಅಂತ ಖುಷಿಯಾಗಿ ಬರೀಬಹುದು. ಅದೇ 1.95ರ ಡಿಸೈನ್ ಎಫೆಕ್ಟ್ ಸೇರಿಸಿದ್ರೆ ಜೆಡ್ 1.58ಕ್ಕೆ ಇಳಿಯುತ್ತೆ, ಪಿ 0.11. ಅದೇ ಫಾರಂ, ಅದೇ ಉತ್ತರ, ತೀರ್ಮಾನ ಮಾತ್ರ ತಿರುಗಿ ಬಿತ್ತು. ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ "ಹಂಗಾದ್ರೆ ಊರು ಜಾಸ್ತಿ ಮಾಡ್ತೀನಿ ಸಾರ್, ಊರಿಗೆ ಹತ್ತು ಜನ ಸಾಕು" ಅಂದ. ಅದೇ ಸರಿ, ಆದ್ರೂ 11 ಪಾಯಿಂಟ್ ವ್ಯತ್ಯಾಸಕ್ಕೆ 40 ಊರಲ್ಲೂ ಪಿ 0.067 ಬರುತ್ತೆ, ಅದನ್ನೂ ಹೇಳಿದೆ, ಸುಳ್ಳು ಭರವಸೆ ಕೊಡೋದು ಬೇಡ ಅಂತ. ವ್ಯತ್ಯಾಸ ಎಷ್ಟು ದೊಡ್ಡದು ಅಂತ, ಅದು ಎಷ್ಟರಿಂದ ಎಷ್ಟರವರೆಗೆ ಇರ್ಬಹುದು ಅನ್ನೋದರ ಸಮೇತ ಬರೆದ್ರೆ ಪಿ ಏನೇ ಬರ್ಲಿ ಆ ಪ್ರಾಜೆಕ್ಟಿಗೆ ಬೆಲೆ ಇರುತ್ತೆ. ಜೊತೆಗೆ ಫಾರಂ ಮೇಲೆ ದಿನಾಂಕ ಕಡ್ಡಾಯ ಅಂದೆ, ಕೆಆರ್‌ಎಸ್ 124.80 ಅಡಿ ತುಂಬಿರುವಾಗ ಕೇಳಿದ ಉತ್ತರಕ್ಕೂ ನಾಲೆ ನಿಲ್ಲಿಸಿದ ತಿಂಗಳಲ್ಲಿ ಕೇಳಿದ ಉತ್ತರಕ್ಕೂ ಅಜಗಜಾಂತರ, ಮೇಲ್ಭಾಗನ ಒಂದು ತಿಂಗಳು ಕೊನೇ ಭಾಗನ ಇನ್ನೊಂದು ತಿಂಗಳು ಮಾಡಿದ್ರೆ ಹೋಲಿಕೆನೇ ಹಾಳು.

ಮೇಡಂಗೆ ಸ್ನೋಬಾಲ್ ಬಿಟ್ಟು ಬೇರೆ ದಾರಿ ಇರ್ಲಿಲ್ಲ. ಮೈಸೂರಿನ 65 ವಾರ್ಡಿಗೂ ಹೋಗೋ ಆಸೆ ಇತ್ತು ಅವರಿಗೆ, ಬೇಡ ಅಂದೆ, ಕುವೆಂಪುನಗರ, ಗೋಕುಲಂ ಥರ ಕೆಲಸ ಮಾಡೋ ಕಡೆ ಎರಡು ಮೂರು, ಅವರು ವಾಸ ಇರೋ ಕಡೆ ಎರಡು ಮೂರು, ಹಿಂಗೆ ಆರು ಕಡೆಯಿಂದ ಶುರು ಮಾಡಿ 120 ಜನನ್ನ ನಿಧಾನವಾಗಿ ಮಾತಾಡಿಸಿ, ಬೆಳಗ್ಗೆ ಹನ್ನೊಂದರ ಮೇಲೆ ಒಂದು ಮನೆ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗೋ ಮಧ್ಯೆ ಬೇಡ, ಸಂಜೆ ಅವರ ಮನೆ ಹತ್ರ ಹೋಗಿ. ಕೆಲಸ ಕೊಟ್ಟಿರೋರ ಮನೇಲಿ ನಿಂತು ಸಂಬಳ ಕೇಳಿದ್ರೆ ಯಾರು ನಿಜ ಹೇಳ್ತಾರೆ ಹೇಳಿ. "ಮೈಸೂರಿನ ಮನೆಗೆಲಸದವರಲ್ಲಿ ಇಷ್ಟು ಪರ್ಸೆಂಟ್" ಅಂತ ಬರೀಬೇಡಿ, "ನಾವು ಮಾತಾಡಿಸಿದ 120 ಜನರಲ್ಲಿ" ಅಂತ ಬರೀರಿ, ಟೆಸ್ಟ್ ಬೇಡವೇ ಬೇಡ. ರಜೆ ಸಿಗದೆ ಹುಷಾರಿಲ್ಲದಾಗ ಏನು ಮಾಡ್ತಾರೆ ಅಂತ ಹತ್ತು ಹೆಂಗಸರ ಮಾತು ಪೂರ್ತಿ ಹಾಕಿದ್ರೆ ಆ ವರದಿಗೆ ಅದೇ ಬಲ.

ಎಂಬಿಎ ಹುಡುಗಿಗೆ ಹೇಳೋದು ಸ್ವಲ್ಪ ಕಷ್ಟ ಆಯ್ತು, ಯಾಕಂದ್ರೆ ಆನ್‌ಲೈನ್ ದಿನಸಿ ಬಗ್ಗೆ ಆನ್‌ಲೈನಲ್ಲೇ ಕೇಳಿದ್ರೆ ದೇವರಾಜ ಮಾರ್ಕೆಟ್ಟಿಗೆ ಚೀಲ ಹಿಡ್ಕೊಂಡು ಹೋಗೋ ಹಿರಿಯರು ಆ ಫಾರಂ ನೋಡೇ ಇರಲ್ಲ. 212 ಉತ್ತರ ಬಿಸಾಕೋದು ಬೇಡ, ಅದನ್ನ ಪೈಲಟ್ ಅಂತ ಇಟ್ಕೋ, ಅದರಿಂದ ಪ್ರಶ್ನೆಗಳನ್ನ ತಿದ್ದು, ಆಮೇಲೆ ಎರಡು ಬಡಾವಣೆ ಹಿಡಿದು ಸಿಸ್ಟಮ್ಯಾಟಿಕ್ ಆಗಿ ಒಂದೊಂದರಲ್ಲಿ 100 ಮನೆ ಮಾಡು ಅಂದೆ. ಎರಡು ಬಡಾವಣೆ ಮಧ್ಯೆ ಇಪ್ಪತ್ತು ಪಾಯಿಂಟ್ ವ್ಯತ್ಯಾಸ ಇದ್ರೆ ಕೈ ಸ್ಕ್ವೇರಲ್ಲಿ ಕಾಣೋ ಸಾಧ್ಯತೆ ಚೆನ್ನಾಗಿದೆ, ಮಾತನ್ನ ಆ ಎರಡು ಬಡಾವಣೆಗೆ ಮಾತ್ರ ಸೀಮಿತ ಮಾಡ್ಬೇಕು. ಒಬ್ಬೊಬ್ಬರು ದಿನಕ್ಕೆ ಹತ್ತು ಮನೆ ಅಂದ್ರೂ ಇಬ್ಬರು ಗೆಳತಿಯರಿಗೆ ಹತ್ತು ದಿನದ ಕೆಲಸ, ಕೊನೇಲಿ ಇನ್ನೆರಡು ದಿನ ಬೀಗ ಹಾಕಿದ್ದ ಮನೆಗಳಿಗೆ ಅಂತ ಬೇರೆ ಇಟ್ಕೊಳ್ಳಿ ಅಂದೆ. ಭಾನುವಾರ ಬೆಳಗ್ಗೆಯಿಂದ ಶುರು ಮಾಡ್ತಾಳಂತೆ.